ಬಾಗದ ಕಡೆ ಕೆರೆಯಬೇಕು

ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ, ಮನೆಯ ಹಿತ್ತಿಲಿನಲ್ಲಿ ಬಿಲ್ಲು ಮಾಡುವ ಕುಶಲಕರ್ಮಿಯೊಬ್ಬರ ಶೆಡ್ಡು. ಒಳಗೆ ಕಾಲಿಟ್ಟರೆ ಎಡಕ್ಕೆ ಸೀಳಿದ ಯೂ ಮರದ ಆಳೆತ್ತರದ ತುಂಡುಗಳು. ಒಣಗುವಾಗ ಬಿರುಕು ಬಿಡದಿರಲೆಂದು ತುದಿಗಳಿಗೆ ಮೇಣ ಬಳಿದಿದ್ದಾರೆ. ಬೆಟ್ಟದ ಚಳಿಯಲ್ಲಿ ನಿಧಾನವಾಗಿ ಬೆಳೆದು, ಉಂಗುರಗಳು ಒತ್ತೊತ್ತಾಗಿರುವ ಮರಕ್ಕೇ ಬೆಲೆ ಹೆಚ್ಚು. ಹಿಂದೆ ಇಂಗ್ಲೆಂಡಿಗೆ ಇದು ಹೊರಗಿನಿಂದಲೂ ಬರುತ್ತಿತ್ತು. ಸರಕು ತರುವ ಹಡಗುಗಳು ಟನ್ನಿಗೆ ನಾಲ್ಕರಂತೆ ಬಿಲ್ಲಿನ ಮರ ತರಲೇಬೇಕೆಂದು 1472ರಲ್ಲಿ ಕಾನೂನೇ ಆಯಿತು.

ಮುಂದೆ ಕೆಲಸದ ಬೆಂಚು. ಅಲ್ಲಿದ್ದ ತುಂಡಿನಲ್ಲಿ ಎರಡು ಬಣ್ಣ: ಹೊರಗೆ ಬಿಳಿಯ ಎಳೆಮರ, ಒಳಗೆ ಕೆಂಗಂದು ಚೇಗು. ಬಿಲ್ಲನ್ನು ಎಳೆದಾಗ ಬಿಳಿಯದು ಹಿಗ್ಗುತ್ತದೆ, ಚೇಗು ಒತ್ತಡ ತಾಳುತ್ತದೆ. ಗಂಟಿನ ಸುತ್ತ ಮರವನ್ನು ಉಬ್ಬಾಗಿಯೇ ಬಿಟ್ಟಿದ್ದರು. ಅರೆಬರೆ ಕೆಲಸವೇನೋ ಎಂದುಕೊಂಡೆ; ಅಲ್ಲಿ ನಾರು ಕಡಿದರೆ ಬಿಲ್ಲು ಅಲ್ಲೇ ಮುರಿಯುತ್ತದಂತೆ.

ನಾನು ಹೆಚ್ಚು ಹೊತ್ತು ನಿಂತದ್ದು ಕೊನೆಯ ಗೋಡೆಯ ಎದುರು. ಗೂಟದ ಮೇಲೆ ಬಿಲ್ಲು ಕೂತಿದೆ. ಹೆದೆಗೆ ಕಟ್ಟಿದ ಹಗ್ಗ ಕೆಳಗಿನ ರಾಟೆ ಸುತ್ತಿ, ದೂರ ನಿಂತ ಕುಶಲಕರ್ಮಿಯ ಕೈಗೆ ಬರುತ್ತದೆ. ಅವರು ನಿಧಾನಕ್ಕೆ ಎಳೆದರು, ಎರಡೂ ಕಡೆ ಸಮನಾಗಿ ಬಾಗುತ್ತದೆಯೇ ಎಂದು ನೋಡಿದರು. "ಎಡಗಡೆ ಬಿಗಿ ಇದೆ," ಅಂದರು. ನನ್ನ ಕಣ್ಣಿಗೆ ಎರಡೂ ಕಡೆ ಒಂದೇ. ಬಿಲ್ಲನ್ನು ಇಳಿಸಿ, ಗೇಣುದ್ದದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಉಕ್ಕಿನ ತಗಡಿನಿಂದ ಒಳಮೈ ಕೆರೆದರು. ಈರುಳ್ಳಿ ಸಿಪ್ಪೆಯಂಥ ಸುರುಳಿಗಳು ಉದುರಿದವು. ಮತ್ತೆ ಗೂಟಕ್ಕೇರಿಸಿ ಹತ್ತಾರು ಸಲ ಎಳೆದು ಸಡಿಲಿಸಿದರು. ಕೆರೆದದ್ದರ ಪರಿಣಾಮ ಕಾಣುವುದು ಆಮೇಲೆಯೇ.

ಅತಿಯಾಗಿ ಬಾಗುವ ಕಡೆ ಕೈ ಹಾಕುವಂತಿಲ್ಲ. ಅಲ್ಲಿಗೆ ಮರ ಸೇರಿಸಲು ಬರುವುದಿಲ್ಲವಲ್ಲ, ಉಳಿದದ್ದನ್ನೇ ಅದರ ಮಟ್ಟಕ್ಕೆ ತರಬೇಕು. ಹೀಗೆ ತಿದ್ದಿದಷ್ಟೂ ಬಿಲ್ಲಿನ ಬಲ, ಅಂದರೆ ಅದನ್ನು ಪೂರ್ತಿ ಎಳೆಯಲು ಬೇಕಾದ ಶಕ್ತಿ, ಇಳಿಯುತ್ತದೆ. 60 ಪೌಂಡಿಗೆಂದು ಹೊರಟದ್ದು 45ಕ್ಕೆ ಬಂದು ನಿಲ್ಲುವುದೂ ಉಂಟು. ಮಕ್ಕಳ ಬಿಲ್ಲು ಹುಟ್ಟುವುದು ಹೀಗೆಯೇ ಏನೋ ಅಂದೆ. ಅವರು ನಗಲಿಲ್ಲ.

ಮೂಲೆಯಲ್ಲಿ ಕೆಟ್ಟುಹೋದ ಬಿಲ್ಲುಗಳ ರಾಶಿ. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಒಳಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಅಡ್ಡಗೆರೆಗಳು, ಒತ್ತಡ ತಾಳದೆ ನಾರು ಕುಸಿದ ಗುರುತು. ಬೆರಳಿಗೆ ತಾಗುವುದೇ ಇಲ್ಲ.

ಬಾಗಿಲ ಬಳಿ ಕೊಂಬಿನ ತುದಿ ಹಾಕಿ ಮುಗಿಸಿದ ಬಿಲ್ಲೊಂದಿತ್ತು, 50 ಪೌಂಡಿನದು. ಎಳೆದು ನೋಡಿದೆ, ಹೆದೆ ಕೆನ್ನೆಯವರೆಗೂ ಬರಲಿಲ್ಲ. 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ಬಿಲ್ಲುಗಳಿಗೆ 100 ಪೌಂಡಿಗೂ ಹೆಚ್ಚಿನ ಬಲವಿತ್ತೆಂದು ತಜ್ಞರ ಅಂದಾಜು. ಎಳೆದ ಹೆದೆಯನ್ನು ಹಾಗೇ ಬಿಟ್ಟುಬಿಡಬೇಡಿ ಎಂದು ಕುಶಲಕರ್ಮಿ ಎಚ್ಚರಿಸಿದರು: ಬಾಣವಿಲ್ಲದೆ ಬಿಟ್ಟರೆ ಅಷ್ಟೂ ಬಲ ಬಿಲ್ಲಿಗೇ ತಿರುಗುತ್ತದೆ.