ಹಿಂಡಿ ತಿನ್ನುವವರು ಯಾರು?

ಹಸುವಿಗೆ ನಾಲ್ಕು ಹೊಟ್ಟೆ ಅನ್ನುತ್ತಾರೆ. ಸರಿಯಾಗಿ ಹೇಳಿದರೆ ಹೊಟ್ಟೆ ಒಂದೇ, ಕೋಣೆ ನಾಲ್ಕು. ಎಲ್ಲಕ್ಕಿಂತ ದೊಡ್ಡ ಕೋಣೆ ರೂಮೆನ್: ದೊಡ್ಡ ಹಸುವಿನಲ್ಲಿ 100 ಲೀಟರಿಗೂ ಹೆಚ್ಚು ಹಿಡಿಯುತ್ತದೆ, ಕುರಿಯಲ್ಲಿ 10–15 ಲೀಟರು. ಒಳಗೆ ಸುಮಾರು 39 ಡಿಗ್ರಿ ಕಾವು. ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಜೊಲ್ಲು ಬಂದು ಸೇರುತ್ತದೆಯೇ ಹೊರತು ಹಸುವಿನ ಸ್ವಂತ ಜೀರ್ಣರಸ ಇಲ್ಲಿ ಒಂದು ತೊಟ್ಟೂ ಸುರಿಯುವುದಿಲ್ಲ. ಆಮ್ಲ, ಪೆಪ್ಸಿನ್ ಎಲ್ಲ ಇರುವುದು ನಾಲ್ಕನೆಯ ಕೋಣೆಯಾದ ಅಬೊಮಾಸಂನಲ್ಲಿ. ಅದೇ ನಮ್ಮ ಜಠರಕ್ಕೆ ಸಮಾನ.

ರೂಮೆನ್ನಿನ ಒಂದೊಂದು ಮಿಲಿಲೀಟರು ರಸದಲ್ಲೂ ಸಾವಿರ ಕೋಟಿಯ ಲೆಕ್ಕದಲ್ಲಿ ಬ್ಯಾಕ್ಟೀರಿಯಾ, ಲಕ್ಷಗಳ ಲೆಕ್ಕದಲ್ಲಿ ಪ್ರೊಟೊಜೋವಾ. ಜೊತೆಗೆ ಶಿಲೀಂಧ್ರಗಳೂ ಇವೆ. ಆಮ್ಲಜನಕವಿಲ್ಲದೆ ಶಿಲೀಂಧ್ರ ಬದುಕುವುದುಂಟೇ ಎಂದು ವಿಜ್ಞಾನಿಗಳು ಬಹುಕಾಲ ನಂಬಿರಲಿಲ್ಲ. ಅವುಗಳ ಈಜುವ ಬೀಜಾಣುಗಳನ್ನು ಪ್ರೊಟೊಜೋವಾ ಎಂದೇ ಎಣಿಸಿದ್ದರು. 1975ರಲ್ಲಿ ಇಂಗ್ಲೆಂಡಿನ ಕಾಲಿನ್ ಆರ್ಪಿನ್ ಆ ತಪ್ಪನ್ನು ತಿದ್ದಿದರು.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರೋಣ. ‘ರೂಮೆನ್ ಸೂಕ್ಷ್ಮಜೀವಿಗಳು ಪ್ರೋಟೀನ್ ಜೀರ್ಣಕ್ಕೆ ನೆರವಾಗುತ್ತವೆ’ ಎಂದು ಓದಿದವರು ಏನೆಂದುಕೊಳ್ಳುತ್ತಾರೆ? ಅವು ಹಿಂಡಿಯನ್ನು ಒಡೆದು ಅಮೈನೋ ಆಮ್ಲ ಮಾಡುತ್ತವೆ, ಹಸು ಅದನ್ನು ಹೀರಿಕೊಳ್ಳುತ್ತದೆ ಎಂದು. ನಡೆಯುವುದು ಬೇರೆ. ಇಲ್ಲಿ ಮೊದಲ ಪಂಕ್ತಿಯಲ್ಲಿ ಕೂತು ಉಣ್ಣುವವರು ಸೂಕ್ಷ್ಮಜೀವಿಗಳು. ಎರಡನೆಯ ಪಂಕ್ತಿಗೆ ಬರುವ ಹಸು, ಮೊದಲ ಪಂಕ್ತಿಯಲ್ಲಿ ಉಂಡವರನ್ನೇ ಉಣ್ಣುತ್ತದೆ!

ಬ್ಯಾಕ್ಟೀರಿಯಾಗಳು ಮೇವಿನ ಪ್ರೋಟೀನನ್ನು ತುಂಡರಿಸಿ ಪೆಪ್ಟೈಡ್, ಅಮೈನೋ ಆಮ್ಲಗಳನ್ನಾಗಿ ಮಾಡುತ್ತವೆ. ಒಂದಷ್ಟನ್ನು ತಮ್ಮ ಮೈಗೆ ಹಾಗೇ ಬಳಸುತ್ತವೆ. ಉಳಿದದ್ದನ್ನು ಇನ್ನೂ ಒಡೆದಾಗ ಅಮೋನಿಯ ಹೊರಬೀಳುತ್ತದೆ. ಈ ಅಮೋನಿಯವೇ ರೂಮೆನ್ನಿನ ಚಲಾವಣೆಯ ನಾಣ್ಯ. ನಾರನ್ನು ಒಡೆಯುವ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಸಿದ್ಧ ಅಮೈನೋ ಆಮ್ಲಕ್ಕಿಂತ ಅಮೋನಿಯವೇ ಸಾರಜನಕದ ಮುಖ್ಯ ಮೂಲ. ಅದರಿಂದ ಅವು ತಮ್ಮ ಪ್ರೋಟೀನನ್ನು ಮೊದಲಿನಿಂದ ಕಟ್ಟಿಕೊಳ್ಳುತ್ತವೆ. ಹಾಗೆ ಬೆಳೆದ ಜೀವಿಗಳು ಮೇವಿನ ರಸದೊಡನೆ ಮುಂದಕ್ಕೆ ಹರಿದು ಅಬೊಮಾಸಂಗೆ ಬಿದ್ದು ಸಾಯುತ್ತವೆ. ಸಣ್ಣ ಕರುಳಿಗೆ ತಲುಪುವ ಪ್ರೋಟೀನಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಸತ್ತ ಸೂಕ್ಷ್ಮಜೀವಿಗಳದ್ದೇ.

ನಂಬಿಕೆ ಬರುತ್ತಿಲ್ಲವೇ? ಫಿನ್ಲೆಂಡಿನ ಆರ್ತುರಿ ವಿರ್ತಾನೆನ್ (1945ರ ರಸಾಯನಶಾಸ್ತ್ರದ ನೊಬೆಲ್ ಪಡೆದವರು) ಹಸುಗಳಿಗೆ ಪಿಷ್ಟ, ಸೆಲ್ಯುಲೋಸ್, ಸಕ್ಕರೆಯನ್ನು ಕೊಟ್ಟು, ಪ್ರೋಟೀನಿನ ಬದಲು ಯೂರಿಯಾ ಮತ್ತು ಅಮೋನಿಯಂ ಲವಣವನ್ನಷ್ಟೇ ತಿನ್ನಿಸಿದರು. ನಿಧಾನವಾಗಿ ಒಗ್ಗಿಸಿದ ಮೇಲೆ ಆ ಹಸುಗಳು ಹಾಲು ಕೊಟ್ಟವು. ಚೆನ್ನಾಗಿ ಕರೆದದ್ದು ವರ್ಷಕ್ಕೆ 4,000 ಕಿಲೋ ಮೀರಿತು. 1966ರಲ್ಲಿ ಇದು ಪ್ರಕಟವಾಯಿತು. ಹಾಲಿನಲ್ಲಿದ್ದ ಪ್ರೋಟೀನ್ ಎಲ್ಲಿಂದ ಬಂತು? ಬ್ಯಾಕ್ಟೀರಿಯಾಗಳ ಮೈಯಿಂದ. ನಾವು ಯೂರಿಯಾ ತಿಂದರೆ ಮೂತ್ರಪಿಂಡಕ್ಕೆ ಕೆಲಸ, ಅಷ್ಟೆ.

ನನಗೆ ಎಷ್ಟು ಸಲ ವಿವರಿಸಿದರೂ ಸಾಲದೆನಿಸುವ ಭಾಗ ಇನ್ನು ಮುಂದಿನದು. ಬ್ಯಾಕ್ಟೀರಿಯಾಗಳಿಗೆ ಹಿಡಿಸದೆ ಉಳಿದ ಅಮೋನಿಯ ರೂಮೆನ್ ಗೋಡೆಯ ಮೂಲಕ ರಕ್ತಕ್ಕೆ ಇಳಿಯುತ್ತದೆ. ಯಕೃತ್ತು ಅದನ್ನು ಯೂರಿಯಾ ಮಾಡುತ್ತದೆ. ನಮ್ಮಲ್ಲಾದರೆ ಅದರ ಬಹುಪಾಲು ಮೂತ್ರಕ್ಕೆ. ಹಸು, ಕುರಿಗಳಲ್ಲಿ ಅದರ ಒಂದು ಪಾಲು ಜೊಲ್ಲಿನಲ್ಲಿ ಬೆರೆತು, ಮತ್ತೊಂದು ಪಾಲು ರೂಮೆನ್ ಗೋಡೆಯನ್ನೇ ದಾಟಿ, ಹೊರಟಲ್ಲಿಗೇ ಹಿಂತಿರುಗುತ್ತದೆ. ಗೋಡೆಗೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾಗಳು ಅದನ್ನು ಮತ್ತೆ ಅಮೋನಿಯ ಮಾಡುತ್ತವೆ. ಮೇವು ಸಾರವಿಲ್ಲದ್ದಾದಷ್ಟೂ ಮೂತ್ರಕ್ಕೆ ಹೋಗುವ ಪಾಲು ಇಳಿದು, ಹಿಂತಿರುಗುವ ಪಾಲು ಏರುತ್ತದೆ. ಬೇಸಿಗೆಯಲ್ಲಿ ಒಣಗಿದ ಗರಿಕೆ ಮೇಯುವ ಕುರಿ ಬದುಕಿ ಉಳಿಯುವುದಕ್ಕೆ ಈ ಜಿಪುಣತನ ದೊಡ್ಡ ಕಾರಣ.

ಬ್ಯಾಕ್ಟೀರಿಯಾಗಳನ್ನು ಊಟ ಮಾಡುವುದೂ ಸುಲಭವಲ್ಲ. ಅವುಗಳ ಗೋಡೆ ಒಡೆಯಬೇಕು. ಅದಕ್ಕಿರುವ ಕಿಣ್ವ ಲೈಸೊಜೈಮ್. ನಮ್ಮ ಕಣ್ಣೀರಿನಲ್ಲಿ ಅದು ಸೋಂಕು ತಡೆಯುವ ಕಾವಲುಗಾರ. ಹಸುವಿನ ಅಬೊಮಾಸಂನಲ್ಲಿ ಅದೇ ಜೀರ್ಣಕಿಣ್ವವಾಗಿದೆ, ಆಮ್ಲದಲ್ಲೂ ಕೆಲಸ ಮಾಡುವಂತೆ, ಪೆಪ್ಸಿನ್ನಿಗೂ ಸುಲಭಕ್ಕೆ ಬಗ್ಗದಂತೆ ಮಾರ್ಪಟ್ಟಿದೆ. ಇದಕ್ಕಿಂತ ಸೊಗಸಾದದ್ದು ಇನ್ನೊಂದಿದೆ. ನಮ್ಮ ಊರ ದೇವಸ್ಥಾನದ ಗೋಪುರದ ಮೇಲೆ ಕೂರುವ ಮುಸುವ ಕೂಡ ಎಲೆ ತಿಂದು, ಹೊಟ್ಟೆಯ ಮುಂಭಾಗದಲ್ಲಿ ಬ್ಯಾಕ್ಟೀರಿಯಾಗಳಿಂದ ಹುದುಗಿಸುವ ಪ್ರಾಣಿ. ಅದರ ಜಠರದ ಲೈಸೊಜೈಮಿನಲ್ಲೂ ಹಸುವಿನದರಲ್ಲಿ ಆದಂಥವೇ ಕೆಲವು ಬದಲಾವಣೆಗಳು ಆಗಿವೆಯೆಂದು ಸ್ಟುವರ್ಟ್, ಶಿಲ್ಲಿಂಗ್ ಮತ್ತು ವಿಲ್ಸನ್ 1987ರಲ್ಲಿ ತೋರಿಸಿದರು. ಹಸುವಿಗೂ ಮುಸುವಕ್ಕೂ ಹತ್ತಿರದ ನಂಟಿಲ್ಲ. ಒಂದೇ ಕಷ್ಟಕ್ಕೆ ಎರಡೂ ಬೇರೆಬೇರೆಯಾಗಿ ಒಂದೇ ಉಪಾಯ ಕಂಡುಕೊಂಡಿವೆ.

ಬೇಗ ಬೆಳೆಯುವ ಬ್ಯಾಕ್ಟೀರಿಯಾಗಳಲ್ಲಿ ಆರ್‌ಎನ್‌ಎ ವಿಪರೀತ. ಅದರಲ್ಲೂ ಸಾರಜನಕವಿದೆ, ಬಿಡುವಂತಿಲ್ಲ. ಹಾಗಾಗಿ ಹಸುವಿನ ಮೇದೋಜೀರಕ ಗ್ರಂಥಿ ಆರ್‌ಎನ್‌ಎ ಒಡೆಯುವ ರೈಬೊನ್ಯೂಕ್ಲಿಯೇಸ್ ಕಿಣ್ವವನ್ನು ಧಾರಾಳವಾಗಿ ಸುರಿಸುತ್ತದೆ. ಅಷ್ಟು ಹೇರಳವಾಗಿ, ಅಗ್ಗವಾಗಿ ಸಿಕ್ಕಿದ್ದರಿಂದಲೇ ಪ್ರಯೋಗಶಾಲೆಗಳಿಗೆ ಅದು ಅಚ್ಚುಮೆಚ್ಚಾಯಿತು. ಅದರ ಮೇಲೆ ಮಾಡಿದ ಕೆಲಸಕ್ಕೆ 1972ರಲ್ಲಿ ಆನ್‌ಫಿನ್‌ಸೆನ್, ಮೂರ್ ಮತ್ತು ಸ್ಟೈನ್ ನೊಬೆಲ್ ಪಡೆದರು. ಆ ಬಹುಮಾನದ ಹಿಂದೆ ರೂಮೆನ್ ಬ್ಯಾಕ್ಟೀರಿಯಾಗಳ ಋಣವೂ ಇದೆ ಅನ್ನುವುದು ನನ್ನ ಲೆಕ್ಕ.

ಈ ಏರ್ಪಾಟಿನಲ್ಲಿ ನಷ್ಟವೂ ಉಂಟು. ರೂಮೆನ್ ಕಳಪೆಯನ್ನು ಒಳ್ಳೆಯದು ಮಾಡುತ್ತದೆ, ಒಳ್ಳೆಯದನ್ನು ಸಾಧಾರಣ ಮಾಡುತ್ತದೆ. ಆಸ್ಟ್ರೇಲಿಯಾದಲ್ಲಿ ರೀಸ್ ಮತ್ತು ಶಿಂಕೆಲ್ 1963ರಲ್ಲಿ ಹಾಲಿನ ಪ್ರೋಟೀನಾದ ಕೇಸೀನನ್ನು ಕುರಿಗಳ ಅಬೊಮಾಸಂಗೇ ನೇರವಾಗಿ ಇಳಿಸಿದರು. ಉಣ್ಣೆ ಗಣನೀಯವಾಗಿ ಹೆಚ್ಚಿತು. ಅದನ್ನೇ ಬಾಯಲ್ಲಿ ತಿನ್ನಿಸಿದರೆ ರೂಮೆನ್ನಿನಲ್ಲೇ ಅಮೋನಿಯವಾಗಿ ಕರಗುತ್ತದೆ. ನಮ್ಮ ಹೈನುಗಾರರ ಬಾಯಲ್ಲೂ ಈಗ ಕೇಳುವ ‘ಬೈಪಾಸ್ ಪ್ರೋಟೀನ್’ ಹುಟ್ಟಿದ್ದು ಇಂಥ ಪ್ರಯೋಗಗಳಿಂದ. ಕಡಲೆಕಾಯಿ ಹಿಂಡಿಯ ಪ್ರೋಟೀನ್ ರೂಮೆನ್ನಿನಲ್ಲಿ ಬೇಗ ಒಡೆಯುತ್ತದೆ. ಕೊಬ್ಬರಿ ಹಿಂಡಿಯದು ಹೆಚ್ಚು ಪಾಲು ತಪ್ಪಿಸಿಕೊಂಡು ಕರುಳು ತಲುಪುತ್ತದೆ. ಕರುವಿಗೆ ಮಾತ್ರ ಹುಟ್ಟಿನಿಂದಲೇ ಬೈಪಾಸ್ ರಸ್ತೆ ಇದೆ: ಚೀಪುವಾಗ ಅನ್ನನಾಳದ ಕೊನೆಯ ತುಟಿಗಳು ಕೂಡಿ ಕೊಳವೆಯಾಗಿ, ಹಾಲು ರೂಮೆನ್ನನ್ನು ಮುಟ್ಟದೆ ಅಬೊಮಾಸಂ ಸೇರುತ್ತದೆ.

ಅಮೋನಿಯವೊಂದಿದ್ದರೆ ಸಾಕು ಎಂದುಕೊಳ್ಳುವುದು ಎರಡನೆಯ ತಪ್ಪು. ಕಟ್ಟುವ ಕೆಲಸಕ್ಕೆ ಶಕ್ತಿ ಬೇಕು. ಪಿಷ್ಟ, ಸಕ್ಕರೆ ಅಥವಾ ಒಡೆಯುತ್ತಿರುವ ನಾರು ಅದೇ ಹೊತ್ತಿಗೆ ಸಿಗಬೇಕು. ಅದಕ್ಕೇ ದನ ನೆಕ್ಕಲು ಇಡುವ ಯೂರಿಯಾ ಇಟ್ಟಿಗೆಯಲ್ಲಿ ಕಾಕಂಬಿ ಸೇರಿಸುತ್ತಾರೆ. ರಾಗಿ ಹುಲ್ಲು, ಭತ್ತದ ಹುಲ್ಲಿಗೆ 100 ಕಿಲೋಗೆ 4 ಕಿಲೋ ಯೂರಿಯಾ ಕರಗಿಸಿದ ನೀರು ಚಿಮುಕಿಸಿ ಸುಮಾರು ಮೂರು ವಾರ ಮುಚ್ಚಿಟ್ಟರೆ ನಾರೂ ಸಡಿಲವಾಗುತ್ತದೆ, ಸಾರಜನಕವೂ ಸೇರುತ್ತದೆ. ಆದರೆ ಯೂರಿಯಾ ನೀರನ್ನು ದನ ಕುಡಿಯಬಾರದು, ಕರುಗಳಿಗೆ ಕೊಡಲೇಬಾರದು. ಅಮೋನಿಯ ಒಮ್ಮೆಲೇ ಏರಿದರೆ ಯಕೃತ್ತಿಗೆ ನಿಭಾಯಿಸಲಾಗದು. ನಡುಕ, ನೊರೆ, ಉಬ್ಬರ, ಗಂಟೆಗಳಲ್ಲಿ ಸಾವು.

ಪ್ರೊಟೊಜೋವಾಗಳ ತಕರಾರು ಇನ್ನೂ ತೀರಿಲ್ಲ. ಅವು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ, ಆದರೆ ರೂಮೆನ್ನಿನಲ್ಲೇ ಕಚ್ಚಿಕೊಂಡು ಉಳಿದು ಹೆಚ್ಚಾಗಿ ಮುಂದಕ್ಕೆ ಹರಿಯುವುದಿಲ್ಲ. ಕಟ್ಟಿದ ಪ್ರೋಟೀನ್ ಅಲ್ಲೇ ಮತ್ತೆ ಅಮೋನಿಯವಾಗುತ್ತದೆ. ಅವನ್ನು ತೆಗೆದುಹಾಕಿದ ಕುರಿಗಳು, ಪ್ರೋಟೀನ್ ಕಡಿಮೆಯಿರುವ ಮೇವಿನಲ್ಲೂ ಹೆಚ್ಚು ಉಣ್ಣೆ ಕೊಟ್ಟದ್ದುಂಟು. ಹಾಗೆಂದು ತೆಗೆದುಬಿಟ್ಟರೆ ನಾರಿನ ಜೀರ್ಣ ಕುಗ್ಗುತ್ತದೆ. ಕಣಿಕೆ, ಒಣಹುಲ್ಲು ತಿನ್ನುವ ನಮ್ಮ ದನಗಳಿಗೆ ಯಾವುದು ಲಾಭ? ಪಶುವೈದ್ಯಕೀಯ ಓದುವ ಹುಡುಗ ಹುಡುಗಿಯರು ಹಿಡಿಯಬೇಕಾದ ಪ್ರಶ್ನೆ ಇದು. ಶುರುಮಾಡಲು ಬೇಕಾದ್ದು ಸಾಧಾರಣ ಮೈಕ್ರೊಸ್ಕೋಪು, ಒಂದು ಥರ್ಮಾಸ್ ಫ್ಲಾಸ್ಕು. ಕಸಾಯಿಖಾನೆಯಲ್ಲಿ ಕೇಳಿ ಪಡೆದ ರೂಮೆನ್ ರಸವನ್ನು ಬೆಚ್ಚಗೆ ತಂದು, ತಣಿಯುವ ಮೊದಲೇ ನೋಡಿ, ಎಣಿಸಿ. ಹಸಿರು ಮೇವಿನ ದನದ್ದೊಂದು, ಒಣಹುಲ್ಲಿನ ದನದ್ದೊಂದು ತಂದರೆ ಹೋಲಿಸಲೂ ಆದೀತು.