ಬೀಗಕ್ಕೂ ಬೇಕೆ ರಹದಾರಿ?

ಗಡಿನಾಡಿನವರಾದ ನಮಗೆ ತನಿಖಾ ಠಾಣೆ ಅಪರಿಚಿತವಲ್ಲ. ಹಿಂದೆ ಲಾರಿಗಳನ್ನು ತಡೆದು ಮೂಟೆಗಳನ್ನು ಎಣಿಸುತ್ತಿದ್ದರು. ಲಾರಿಯಲ್ಲಿ ಕುಳಿತ ಬಾಲಕನು ಕಂಠಪಾಠ ಮಾಡಿದ್ದ ಮಗ್ಗಿಗೆ ಮಾತ್ರ ಯಾರೂ ಸುಂಕ ಕೇಳುತ್ತಿರಲಿಲ್ಲ. ಗಣಿತಕ್ಕೂ ರಹದಾರಿ ಬೇಕೆಂದ ದೇಶವೊಂದರ ವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇನೆ.

ಗಣಕಯಂತ್ರದ ಮೂಲಕ ಸಾಗುವ ಪತ್ರ, ಬ್ಯಾಂಕಿನ ಲೆಕ್ಕ ಮೊದಲಾದವು ಪರರಿಗೆ ತಿಳಿಯದಂತೆ ಅವನ್ನು ಗೂಢಲಿಪಿಗೆ ತಿರುಗಿಸುವ ಕ್ರಮವುಂಟು. ಈ ಬೀಗದ ಕೀಲಿಯೆಂದರೆ ಒಂದು ದೊಡ್ಡ ಸಂಖ್ಯೆ. ಯುದ್ಧಕಾಲದಲ್ಲಿ ಗೂಢಲಿಪಿಯ ಮಹತ್ವವನ್ನು ಕಂಡಿದ್ದ ಅಮೆರಿಕ ಸರಕಾರವು ಇಂತಹ ತಂತ್ರಾಂಶವನ್ನು ಬಂದೂಕು, ಫಿರಂಗಿಗಳ ಪಟ್ಟಿಯಲ್ಲಿಯೇ ಇರಿಸಿ, ಅನುಮತಿಯಿಲ್ಲದೆ ಹೊರದೇಶಕ್ಕೆ ಕಳುಹಿಸಕೂಡದೆಂದು ವಿಧಿಸಿತ್ತು.

ಅಂತರಜಾಲದ ವ್ಯಾಪಾರ ಆರಂಭವಾದಾಗ ತೊಡಕು ಬೆಳೆಯಿತು. ನೆಟ್‌ಸ್ಕೇಪ್ ಸಂಸ್ಥೆಯು ಒಂದೇ ತಂತ್ರಾಂಶವನ್ನು ಎರಡು ಬಗೆಯಾಗಿ ಸಿದ್ಧಪಡಿಸಬೇಕಾಯಿತು: ಸ್ವದೇಶಕ್ಕೆ 128 ಬಿಟ್‌ಗಳ ಕೀಲಿ, ಪರದೇಶಕ್ಕೆ 40 ಬಿಟ್‌ಗಳದು. ಚದುರಂಗದ ಮನೆಗಳಲ್ಲಿ ಇಮ್ಮಡಿಯಾಗುತ್ತ ಹೋಗುವ ಕಾಳಿನ ಕಥೆಯನ್ನು ಎಲ್ಲರೂ ಬಲ್ಲರು. ಇಲ್ಲಿಯೂ ಅದೇ ಲೆಕ್ಕ. ಒಂದು ಬಿಟ್ ಹೆಚ್ಚಿದರೆ ಪರೀಕ್ಷಿಸಬೇಕಾದ ಕೀಲಿಗಳು ಇಮ್ಮಡಿಯಾಗುತ್ತವೆ. 40 ಬಿಟ್‌ಗಳಿಗೆ ಅವು ಸುಮಾರು 1.1 ಲಕ್ಷ ಕೋಟಿ. ದೊಡ್ಡದೆಂದು ತೋರುವ ಈ ಸಂಖ್ಯೆಯನ್ನು 1995ರ ಆಗಸ್ಟಿನಲ್ಲಿ ಫ್ರಾನ್ಸಿನ ಸಂಶೋಧಕರೊಬ್ಬರು ಅನೇಕ ಗಣಕಯಂತ್ರಗಳ ನೆರವಿನಿಂದ ಸುಮಾರು 8 ದಿನಗಳಲ್ಲಿ ಭೇದಿಸಿದರು. ಹೊರದೇಶದ ಗ್ರಾಹಕನಿಗೆ ದೊರೆತದ್ದು ಹೆಸರಿಗಷ್ಟೇ ಬೀಗ!

ಇದಕ್ಕಿಂತಲೂ ವಿಚಿತ್ರವಾದುದು ಫಿಲ್ ಜಿಮ್ಮರ್‌ಮನ್ ಎಂಬವರ ಪ್ರಸಂಗ. 1991ರಲ್ಲಿ ಅವರು ರಚಿಸಿದ ಪಿಜಿಪಿ ಎಂಬ ತಂತ್ರಾಂಶವು ಜಾಲದ ಮೂಲಕ ದೇಶಾಂತರಗಳಿಗೆ ಹರಡಿತು. ಶಸ್ತ್ರಾಸ್ತ್ರ ರಫ್ತಿನ ಶಂಕೆಯ ಮೇಲೆ 1993ರಿಂದ ಅವರ ವಿಚಾರಣೆ ನಡೆಯಿತು. 1995ರಲ್ಲಿ ಆ ತಂತ್ರಾಂಶದ ಮೂಲಪಾಠವನ್ನೇ ಎಂಐಟಿ ಪ್ರೆಸ್ ಪುಸ್ತಕವಾಗಿ ಮುದ್ರಿಸಿತು. ಮುದ್ರಿತ ಗ್ರಂಥಕ್ಕೆ ನಿರ್ಬಂಧವಿಲ್ಲ; ಅದೇ ಅಕ್ಷರಗಳು ತಟ್ಟೆಯಲ್ಲಿದ್ದರೆ ಅಪರಾಧ! 1996ರ ಜನವರಿಯಲ್ಲಿ ಯಾವ ದೋಷಾರೋಪಣೆಯೂ ಇಲ್ಲದೆ ವಿಚಾರಣೆ ಮುಕ್ತಾಯವಾಯಿತು.

ಅದೇ ವರ್ಷದ ಕೊನೆಯಲ್ಲಿ ಇಂತಹ ವಾಣಿಜ್ಯ ತಂತ್ರಾಂಶವು ಶಸ್ತ್ರಗಳ ಪಟ್ಟಿಯಿಂದ ವಾಣಿಜ್ಯ ಇಲಾಖೆಯ ಅಧೀನಕ್ಕೆ ಬಂದಿತು. 2000ದ ಜನವರಿಯಲ್ಲಿ ನಿಯಮಗಳು ಬಹುಮಟ್ಟಿಗೆ ಸಡಿಲಗೊಂಡವು. ಆದರೂ ವರ್ಗೀಕರಣ, ವರದಿಗಳ ಶ್ರಮ ತಪ್ಪಲಿಲ್ಲ. 2017ರಲ್ಲಿ ಭಾರತವೂ ವಾಸೆನಾರ್ ಒಪ್ಪಂದವನ್ನು ಸೇರಿದುದರಿಂದ ನಮ್ಮ ದೇಶದ ರಫ್ತಿನ ಪಟ್ಟಿಯಲ್ಲಿಯೂ ಗೂಢಲಿಪಿಗೆ ಸ್ಥಾನವುಂಟು.

ದೇಶರಕ್ಷಣೆಯ ಚಿಂತೆ ಸರಕಾರಕ್ಕೆ ಸಹಜವೇ. ಆದರೆ ಕಳ್ಳನು ರಹದಾರಿ ಕೇಳಿ ಹೊರಡುವವನಲ್ಲ. ನಿಯಮದ ಭಾರ ಬಿದ್ದುದು ಪ್ರಾಮಾಣಿಕ ತಯಾರಕನ ಮೇಲೆ, ದುರ್ಬಲ ಬೀಗವನ್ನು ನಂಬಿದ ಗ್ರಾಹಕನ ಮೇಲೆ. ಮಗ್ಗಿಯನ್ನು ಗಡಿಯಲ್ಲಿ ತಡೆಯುವುದು ಎಷ್ಟು ಕಷ್ಟವೆಂಬುದನ್ನು ಗಡಿನಾಡಿನ ನಾವಾದರೂ ಬಲ್ಲೆವು.