ಲಿನಕ್ಸ್ ಡ್ರೈವರ್: ತಯಾರಕರ ಮುಂದಿಟ್ಟ ಅಗ್ಗದ ಕರಾರು

ಡ್ರೈವರ್ ದೊರೆಯದೆ ಸುಸ್ಥಿತಿಯ ಪ್ರಿಂಟರ್ ಮೂಲೆ ಸೇರುವುದನ್ನು ಯಾವ ಕಛೇರಿ ಕಂಡಿಲ್ಲ? ಅನೇಕ ಯಂತ್ರಾಂಶ ತಯಾರಕರು ಬಹುಕಾಲ ವಿಂಡೋಸ್‌ಗೆ ಮಾತ್ರ ಡ್ರೈವರ್ ಒದಗಿಸಿ, ತಾಂತ್ರಿಕ ವಿವರಗಳನ್ನು ವ್ಯಾಪಾರದ ಗುಟ್ಟೆಂದು ಕಾಪಾಡಿಕೊಂಡರು. ಲಿನಕ್ಸ್ ಅಭಿವೃದ್ಧಿಕಾರರು ಸಾಧನದ ವರ್ತನೆಯನ್ನು ಹೊರಗಿನಿಂದ ಪರೀಕ್ಷಿಸಿ, ಊಹೆಯ ಆಧಾರದ ಮೇಲೆ ಡ್ರೈವರ್ ಬರೆಯಬೇಕಾಗುತ್ತಿತ್ತು.

2007ರ ಜನವರಿಯಲ್ಲಿ ಲಿನಕ್ಸ್ ಕರ್ನೆಲ್‌ನ ಪ್ರಮುಖ ಅಭಿವೃದ್ಧಿಕಾರ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ತಯಾರಕರ ಮುಂದೆ ಒಂದು ಪ್ರಸ್ತಾಪವಿಟ್ಟರು: ಸಾಧನದ ತಾಂತ್ರಿಕ ವಿವರಣೆಯನ್ನು ಅಥವಾ ಸಂಶಯಗಳಿಗೆ ಉತ್ತರಿಸಬಲ್ಲ ಇಂಜಿನಿಯರೊಬ್ಬರ ಸಂಪರ್ಕವನ್ನು ಒದಗಿಸಿದರೆ ಡ್ರೈವರನ್ನು ಉಚಿತವಾಗಿ ಬರೆದುಕೊಡಲಾಗುವುದು. ಗೋಪ್ಯತಾ ಒಪ್ಪಂದಕ್ಕೂ ಸಿದ್ಧ. ಆದರೆ ಡ್ರೈವರ್ ಮಾತ್ರ ಜಿಪಿಎಲ್ ಪರವಾನಗಿಯಡಿ ಬಹಿರಂಗವಾಗಿರತಕ್ಕದ್ದು. ವ್ಯಾಪಾರದಲ್ಲಿ ಇಷ್ಟು ಅಗ್ಗದ ಕರಾರು ಅಪರೂಪವೇ ಸರಿ. ಕರ್ನೆಲ್‌ನೊಳಗೆ ಸೇರಿದ ಡ್ರೈವರನ್ನು ಮುಂದಿನ ಆವೃತ್ತಿಗಳಿಗೆ ಹೊಂದಿಸುವ ಹೊಣೆಯನ್ನೂ ಬಹುಮಟ್ಟಿಗೆ ಅಭಿವೃದ್ಧಿಕಾರರ ಸಮುದಾಯವೇ ಹೊರುತ್ತದೆ. ಹೀಗಾಗಿ ತಯಾರಕರು ಮಾರಾಟ ನಿಲ್ಲಿಸಿದ ಮೇಲೂ ಗ್ರಾಹಕರ ಸಾಧನ ದುಡಿಯುತ್ತಿರಬಲ್ಲದು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎಎಮ್‌ಡಿ ತನ್ನ ರೇಡಿಯಾನ್ ಗ್ರಾಫಿಕ್ಸ್ ಚಿಪ್‌ಗಳ ವಿವರಣೆಗಳನ್ನು ಬಹಿರಂಗಪಡಿಸತೊಡಗಿತು. ಬ್ರಾಡ್‌ಕಾಮ್ 2010ರಲ್ಲಿ ತನ್ನ ಹೊಸ ನಿಸ್ತಂತು ಚಿಪ್‌ಗಳಿಗೆ ಮುಕ್ತ ಡ್ರೈವರ್ ಹೊರತಂದಿತು. ಎನ್ವಿಡಿಯಾ ಕರ್ನೆಲ್ ಮಟ್ಟದ ಡ್ರೈವರಿನ ಮೂಲಸಂಕೇತವನ್ನು ಬಿಡುಗಡೆ ಮಾಡಿದ್ದು 2022ರ ಮೇ ತಿಂಗಳಿನಲ್ಲಿ. ಫರ್ಮ್‌ವೇರ್ ಆಗಲೂ ಮುಚ್ಚಿಯೇ ಇತ್ತು.